ಅಲಕನಂದಳ ಮಡ್ಲಕ್ಕಿ

ಸಿನ್ಮಾದ ಅಲಕನಂದ ನಡ್ಕಂಡು ಬತ್ತಿದ್ರೆ ಪಿರಿಯಾಪಟ್ಣದಿಂದ ಬೊಂಬಾಯಿ ಗಂಟ ಗಂಡಸ್ರು ತುತ್ತ ಬಾಯಿಗಿಡೋದ ಬುಟ್ಟು ಕಿವಿಗಿಟ್ಕತಾರಲ್ಲ, ಆ ನಡಿಗೆ ಕಲ್ಸಿದ್ದು ನಮ್ಮ ಬೀದಿ ಯೆಂಗಸ್ರು ಕಣವ್ವ. ತಲೆ ಮ್ಯಾಲೆ ಹಸಿ ಹೊಗೆಸೊಪ್ಪಿನ ಹೊರೆ ಮಡಗಿ, ಹೊಲದ ಬದಿನ ಮ್ಯಾಲೆ ಓಡ್ಸಿ ಓಡ್ಸಿ ಕಲ್ಸಿದ್ದು. ಅರ್ಧ ಸುಳ್ಳು, ಬುಡು. ಹೊರೆ ಹೊತ್ತಿದ್ದು ದಿಟ. ಕಲ್ಸಿದ್ದು ಮಾತ್ರ ನಾವಲ್ಲ. ಅದು ಅವಳವ್ವ ಮರಮ್ಮನ ನಡಿಗೆ, ಹುಟ್ಟುವಾಗ್ಲೇ ತಂದಿದ್ಲು.

ಮರಮ್ಮ ರಾವಂದೂರು ಪಕ್ಕದ ನಮ್ಮ ಅಳ್ಳಿಯೋಳು. ಅವ್ಳೂ ಗಂಡ ಲಿಂಗಯ್ಯನೂ ಚನ್ನಬಸವಣ್ಣೋರ ಬ್ಯಾರನ್ನಲ್ಲಿ ಕೂಲಿಗಿದ್ರು. ಬ್ಯಾರನ್ನು ಅಂದ್ರೆ ಗೊತ್ತಲ್ಲ, ಹೊಗೆಸೊಪ್ಪ ಕಾಯ್ಸಿ ಒಣಗ್ಸೋ ಎತ್ತರದ ಗೋಡೆ ಮನೆ. ಲಿಂಗಯ್ಯ ಒಲೆಗೆ ಸೌದೆ ಒಟ್ಟೋನು, ಮರಮ್ಮ ಕಡ್ಡಿಗೆ ಸೊಪ್ಪು ಕಟ್ಟೋಳು. ಅವ್ಳ ಕೈ ನೋಡ್ಬೇಕಿತ್ತು ನೀನು! ಎಲೆ ತಾನಾಗೇ ಎದ್ದು ಬಂದು ಕಡ್ಡೀಗೆ ಕುಂತ್ಕತಿತ್ತು. ಮಗಳು ಪುಟ್ಟಿ ತೊಟ್ಲಲ್ಲಿ ಮಲಗಿದ್ದಕ್ಕಿಂತ ಸೊಪ್ಪಿನ ರಾಸಿ ಮ್ಯಾಲೆ ಮಲಗಿದ್ದೇ ಜಾಸ್ತಿ. ಆ ಪುಟ್ಟಿನೇ ಅಲಕನಂದ.

ಅವ್ಳು ಸಿನ್ಮಾಕ್ಕೆ ಹೋಗಿದ್ದು ಮಕ ತೋರ್ಸಿ ಅಲ್ಲ, ಬೆನ್ನು ತೋರ್ಸಿ. ನಗ್ಬ್ಯಾಡ, ಕೇಳು.

ಮರಮ್ಮನ ತಮ್ಮ ಶಂಕರ ಬೀಚನಹಳ್ಳೀಲಿ ಯಾವ್ದೋ ರೆಸಾರ್ಟಲ್ಲಿ ದೋಣಿ ಕಾಯ್ಕಂಡಿದ್ದ. ಪುಟ್ಟಿ ಮಾವನ ಮನೆಗೆ ಹೋಗಿದ್ಲು. ಆಗ ಕಬಿನಿ ಹಿನ್ನೀರಲ್ಲಿ ಶೂಟಿಂಗು. ಆ ಸಿನ್ಮಾದ ಹೀರೋಯಿನ್ನು ನೀರಿಗೆ ಕಾಲಿಟ್ಟೋಳೇ ಕಿರ್ರೋ ಅಂತ ಕೂಗಿ ಕಾರೊಳಗೆ ಸೇರ್ಕಂಡ್ಲಂತೆ. ಅಂಥ ಚಳಿ. ಬೆನ್ನು ತೋರ್ಸಕ್ಕಾದ್ರೂ ಒಬ್ಳು ಬೇಕಲ್ಲಪ್ಪಾ ಅಂತ ಡೈರೆಕ್ಟ್ರು ತಲೆ ಕೆರ್ಕತಿದ್ರೆ, ಶಂಕರ "ನಮ್ ಹುಡ್ಗಿ ಅವ್ಳೆ, ನೀರಿಗೂ ಹೆದರಲ್ಲ ಬೆಂಕಿಗೂ ಹೆದರಲ್ಲ" ಅಂದ. ಹೀರೋಯಿನ್ ಸೀರೆ ಇವ್ಳಿಗುಡ್ಸಿ ಎದೆ ಮಟ್ಟ ನೀರಲ್ಲಿ ನಿಲ್ಸಿದ್ರು. ಗಂಡ ಬುಟ್ಟೋದ ಅಂತ ನಿಂತ್ಕಂಡು ನೋಡೋ ಸೀನು. ಆಕ್ಷನ್ ಅಂದ್ರು. ಬೆನ್ನು ಅತ್ತುಬುಡ್ತು ಕಣವ್ವ! ಮಕ ಇಲ್ಲ, ಕಣ್ಣಿಲ್ಲ, ಮಾತಿಲ್ಲ, ಬರೀ ಬೆನ್ನು. ದಡದ ಮ್ಯಾಲೆ ಲೈಟು ಹಿಡ್ಕಂಡಿದ್ದೋನೂ ಅತ್ನಂತೆ, ಕಬಿನಿ ಒಂದ್ ಗೇಣು ಏರ್ತಂತೆ.

ಆ ಸಿನ್ಮಾ ಹುಣಸೂರಿಗೆ ಬಂದಾಗ ನಮ್ಮೂರಿಗೂರೇ ಟೆಂಪೋ ಹತ್ತಿ ಹೊಂಟಿತ್ತು. ಆ ನೀರಿನ ಸೀನು ಬತ್ತಿದ್ದಂಗೇ ಮರಮ್ಮ ಟಾಕೀಸಲ್ಲಿ ಎದ್ದು ನಿಂತ್ಬುಟ್ಲು.

"ಅಗೋ! ನನ್ ಮಗಳ ಬೆನ್ನು! ತಿಕ್ಕಿ ತೊಳ್ದಿರೋಳು ನಾನು, ನಂಗೊತ್ತಿಲ್ವಾ!"

"ಬೆನ್ನು ಆಮ್ಯಾಕೆ ತೊಳೀವಂತೆ, ಕುಂತ್ಕಳಮ್ಮೋ, ಮುಂದೆ ಏನೂ ಕಾಣಾಕಿಲ್ಲ!" ಅಂತ ಹಿಂದಿನೋರು ಬೋದ್ರು. ಲಿಂಗಯ್ಯ ಟವೆಲ್ನಲ್ಲಿ ಮಕ ಮುಚ್ಕಂಡು ಬಿಕ್ತಾ ಕುಂತಿದ್ದ. ಮರಮ್ಮ ಮಾತ್ರ ಕಣ್ ರೆಪ್ಪೆ ಬಡೀಲಿಲ್ಲ. ತನ್ನ ಹೊಟ್ಟೆಯಿಂದ ಬಂದದ್ದು ಅಷ್ಟುದ್ದ ಅಷ್ಟಗಲ ಆಗಿ ಗೋಡೆ ತುಂಬಾ ನಿಂತದಲ್ಲಾ ಅಂತ ಬೆಪ್ಪಾಗಿದ್ಲು.

ಅಲ್ಲಿಂದ ಸುರುವಾಯ್ತು ನೋಡು. ಮುಂದಿನ ಸಿನ್ಮಾದಲ್ಲಿ ಹೀರೋಯಿನ್ ಗೆಳತಿ. ಅದರ ಮುಂದಿಂದ್ರಲ್ಲಿ ಅವ್ಳೇ ಹೀರೋಯಿನ್ನು. ಪುಟ್ಟಿ ಅಂದ್ರೆ ಪೋಸ್ಟ್ರು ತುಂಬಾಕಿಲ್ಲ ಅಂತ ಅಲಕನಂದ ಅಂತ ಎಸ್ರಿಟ್ರು. ಕೆ.ಆರ್.ನಗರದಲ್ಲಿ ಅವ್ಳ ಜಡೆ ನೋಡಿ ಹುಡ್ಗೀರೆಲ್ಲಾ ಜಡೆ ಹಾಕ್ಕಂಡ್ರು, ಎಚ್.ಡಿ.ಕೋಟೆ ಕಡೆ ಒಬ್ಬ ಅವ್ಳ ಫೋಟೋಕ್ಕೆ ದಿನಾ ಊದುಬತ್ತಿ ಹಚ್ತಿದ್ದ, ಅವನ ಯೆಂಡ್ರು ಅದೇ ಊದುಬತ್ತೀಲಿ ಅವನ ಮೀಸೆ ಸುಟ್ಲು. ಬೈಲುಕುಪ್ಪೆ ಪಕ್ಕದ ಕೊಪ್ಪದಲ್ಲಿ ಸೀರೆ ಅಂಗ್ಡಿ ಮ್ಯಾಲೆ ಅವ್ಳದ್ದು ಮನೆಯಷ್ಟೆತ್ತರದ ಬೋರ್ಡು. ಮರಮ್ಮ ಬಸ್ಸಲ್ಲಿ ಅತ್ಲಾಗೆ ಹೋದಾಗ್ಲೆಲ್ಲಾ ಕಿಟ್ಕೀಲಿ ತಲೆ ಹಾಕಿ, "ಉಂಡ್ಯಾ ಮಗಾ?" ಅಂತ ಕೇಳೋಳು. ಕಂಡಕ್ಟ್ರು ನಗ್ತಿರ್ಲಿಲ್ಲ. ಅವ್ನೂ ಬೋರ್ಡೇ ನೋಡ್ತಿದ್ದ.

ಒಂದು ಸಿನ್ಮಾದಲ್ಲಿ ಯಾವ್ದೋ ದೇಸದ ಹಿಮದ ಮ್ಯಾಲೆ ಈರುಳ್ಳಿ ಸಿಪ್ಪೆಯಂಥ ಸೀರೆ ಉಟ್ಕಂಡು ಕುಣೀತಿದ್ಲು. ಟಾಕೀಸಲ್ಲೆಲ್ಲಾ ಸಿಳ್ಳೆ. ಮರಮ್ಮ ತನ್ನ ಸೆರಗ ಹೊದ್ಕಂಡು ನಡುಗ್ತಾ, "ಬೈಲುಕುಪ್ಪೇಲಿ ಟಿಬೆಟ್ನೋರತ್ರ ಅಂಥ ಸ್ವೆಟ್ರು ಸಿಕ್ತದೆ, ಒಂದು ತಂದುಕೊಡೋ ಗಂಡಸಿಲ್ವಾ ಆ ದೇಸದಲ್ಲಿ!" ಅಂದ್ಲು.

ಇಷ್ಟೆಲ್ಲಾ ಸರಿ. ಆದ್ರೆ ಮರಮ್ಮನ ಎದೇಲಿ ಒಂದು ಮುಳ್ಳು ಮುರ್ಕಂಡಿತ್ತು.

ಲಿಂಗಯ್ಯ ತೀರ್ಕಂಡ ಮಾರನೇ ವರ್ಸ ಗೌರಿ ಹಬ್ಬಕ್ಕೆ ಪುಟ್ಟಿ ಬಂದಿದ್ಲು. ಹಬ್ಬಕ್ಕೆ ತವರಿಗೆ ಬಂದ ಹೆಣ್ಮಗ್ಳು ಹೊರಡ್ವಾಗ ಬರೀ ಮಡ್ಲಲ್ಲಿ ಕಳ್ಸಾರಾ? ಐದು ಜನ ಮುತ್ತೈದೇರು ಬಂದು ಅವ್ಳ ಸೆರಗಿಗೆ ಅಕ್ಕಿ, ಕೊಬ್ರಿ, ಬೆಲ್ಲ, ಅರಿಸ್ನ ಕುಂಕ್ಮ, ಬಳೆ ತುಂಬ್ಬೇಕು. ಅದೇ ಮಡ್ಲಕ್ಕಿ. ಊರು ಹೆಣ್ಮಗಳನ್ನ ನಮ್ಮೋಳು ಅಂತ ಒಪ್ಕಂಡ ಗುರ್ತು. ಮರಮ್ಮ ತಾನೇ ತುಂಬೋಣ ಅಂದ್ರೆ ಗಂಡ ಸತ್ತೋಳು, ಕೈ ಹಾಕಂಗಿಲ್ಲ. ಊರಲ್ಲಿ ಇಂಥದ್ದಕ್ಕೆಲ್ಲಾ ಮುಂದು ಚನ್ನಬಸವಣ್ಣೋರ ಯೆಂಡ್ರು ಸುಂದ್ರಮ್ಮ. ಮರಮ್ಮ ಹೋಗಿ ಕರದ್ಲು.

ಸುಂದ್ರಮ್ಮ ಬೈಲಿಲ್ಲ, ನಗ್ಲಿಲ್ಲ. "ಮದ್ವೆ ಇಲ್ದೋಳಿಗೆ ಮಡ್ಲಕ್ಕಿ ಎಂಗೆ ತುಂಬೋದು ಮರಮ್ಮ? ತಾಳಿ ಕಟ್ಟಿಸ್ಕಂಡು ಬರ್ಲಿ, ನಾನೇ ಮುಂದೆ ನಿಂತು ತುಂಬ್ತೀನಿ," ಅಂದ್ಲು.

ಸುಂದ್ರಮ್ಮ ಬರ್ಲಿಲ್ಲ ಅಂದ್ಮ್ಯಾಲೆ ಇನ್ಯಾರು ಬತ್ತಾರೆ? ಪುಟ್ಟಿ ಹಲ್ಲು ಕಿರ್ದು, "ಹೋಗ್ಲಿ ಬುಡವ್ವ, ಸಿನ್ಮಾದಲ್ಲಿ ನಂಗೆ ಎಷ್ಟ್ ಸಲ ತುಂಬವ್ರೆ," ಅಂದು ಕಾರು ಹತ್ತಿದ್ಲು. ಕಾರು ಮುಂದಕ್ಕೋದ್ಮ್ಯಾಲೆ ಮರಮ್ಮ ನೋಡ್ತಾಳೆ, ಅಕ್ಕಿ ಮೊರ ಜಗಲೀ ಮ್ಯಾಲೆ ಅಂಗೇ ಕುಂತದೆ. ಲೋಕವೆಲ್ಲಾ ಕಣ್ಣಿಗೊತ್ಕಳ್ಳೋ ಮಗಳು ಹುಟ್ಟಿದೂರಿಂದ ಬರಿಗೈಲಿ ಹೋದ್ಲಲ್ಲಾ, ನನ್ ಕಣ್ ಮುಚ್ಚೋದ್ರೊಳ್ಗೆ ಅವ್ಳ ಮಡ್ಲು ತುಂಬೋದ ನೋಡ್ತೀನಾ ಅಂತ ಅವತ್ತಿಂದ ಅದೊಂದೇ. ಪುಟ್ಟಿಗೆ ನಲವತ್ತಾಯ್ತು. ಮದ್ವೆ ಎತ್ತಿದ್ರೆ, "ನಂಗೆ ಬ್ಯಾಡ ಕಣವ್ವ," ಅಂದುಬುಡೋಳು.

ಈ ವರ್ಸ ಸೊಪ್ಪು ಕಾಯ್ಸೋ ಕಾಲ್ದಲ್ಲಿ ನಮ್ಮೂರಿಗೇ ಶೂಟಿಂಗು ಬಂತು. ತಡವಾಗಿ ಮದ್ವೆ ಆಗೋ ಟೀಚರಮ್ಮನ ಕತೆಯಂತೆ. ಡೈರೆಕ್ಟ್ರು ವಸಂತ್ ಅಂತ, ಎಳೇ ಹುಡುಗ. ಬ್ಯಾರನ್ನಿರೋ ಊರು ಬೇಕು ಅಂದಿದ್ಕೆ ಪುಟ್ಟಿನೇ, ನಮ್ಮೂರಲ್ಲೇ ಅದೆ ಅಂದಿದ್ಲು. ಬ್ಯಾರನ್ ಮುಂದೆ ಚಪ್ಪರ ಹಾಕಿ ತಾಳಿ ಕಟ್ಟೋ ಸೀನು ತಗುದ್ರು. ಆಮ್ಯಾಲೆ ಮಡ್ಲಕ್ಕಿ ಸೀನು. ವಸಂತ್ ಬಂದು, "ಊರಿನ ಅಮ್ಮಂದಿರೇ ಐದು ಜನ ಬನ್ನಿ," ಅಂದ.

ಬಾಯಿಂದ ಮಾತು ಬಿದ್ದಿಲ್ಲ, ಸುಂದ್ರಮ್ಮ ರೇಸ್ಮೆ ಸೀರೆ ಉಟ್ಕಂಡು, ಮಕಕ್ಕೆ ಗೋಡೆಗೆ ಸುಣ್ಣ ಹೊಡ್ದಂಗೆ ಪೌಡ್ರು ಹೊಡ್ಕಂಡು ಬಂದು ನಿಂತಿದ್ಲು.

"ಏನ್ ಸುಂದ್ರಕ್ಕ, ಮದುವಣಗಿತ್ತಿ ಅವ್ಳೋ ನೀನೋ?" ಅಂತ ಜೊತೇಲಿ ಬಂದಿದ್ದ ಬಸವಮ್ಮ ಕಿಚಾಯ್ಸಿದ್ಲು.

"ಮುಚ್ಚೇ. ಮಕ ಕಾಣ್ಬೇಕಲ್ಲ ನಾಕ್ ಜನಕ್ಕೆ."

ಸಿನ್ಮಾದೋರು ತಮ್ಮದೇ ಅಕ್ಕಿ ಮೂಟೆ ತಂದಿದ್ರು. ಸುಂದ್ರಮ್ಮ ಅದರತ್ರಾನೂ ಹೋಗ್ಲಿಲ್ಲ. ತನ್ನ ಮನೆ ದ್ಯಾವ್ರ ಕೋಣೆಯಿಂದ ಹೊಸ ಅಕ್ಕಿ ಮೊರ ತುಂಬಾ ತರ್ಸಿದ್ಲು. "ಅಷ್ಟೆಲ್ಲಾ ಬೇಡಮ್ಮ, ಸುಮ್ನೆ ತುಂಬಿದಂಗೆ ಮಾಡಿ ಸಾಕು," ಅಂದ ವಸಂತ್.

"ತುಂಬಿದಂಗೆ ಮಾಡೋದು ಎಂಗಪ್ಪಾ?" ಅಂದ್ಲು ಸುಂದ್ರಮ್ಮ, ದಿಟವಾಗ್ಲೂ ಗೊತ್ತಿಲ್ದೆ. "ನಂಗೆ ತುಂಬೋದೊಂದೇ ಗೊತ್ತಿರೋದು."

ಮರಮ್ಮ ಚಪ್ಪರದ ಕಡೀಕೆ ಬರ್ಲಿಲ್ಲ. ಶುಭಕಾರ್ಯಕ್ಕೆ ಎದುರಾಗ್ಬಾರ್ದು ಅಂತ ಬ್ಯಾರನ್ ಮಗ್ಗುಲಲ್ಲಿ ಸೌದೆ ರಾಸಿ ಹಿಂದೆ ನಿಂತ್ಕಂಡು ಇಣುಕ್ತಿದ್ಲು. ಬೆನ್ನಿಗೆ ಗೋಡೆ ಬಿಸಿ ತಾಕ್ತಿತ್ತು, ಒಳಗೆ ಬೇಯೋ ಸೊಪ್ಪಿನ ವಾಸ್ನೆ ಮೂಗಿಗೆ ಹೊಡೀತಿತ್ತು. ಆಗ ಸಿನ್ಮಾದೋರು ಬಣ್ಣ ಹಚ್ಕಳ್ಳೋ ಬಸ್ಸಿನಂಥ ಗಾಡಿಯಿಂದ ಪುಟ್ಟಿ ಇಳದ್ಲು.

ಅವ್ವಯ್ಯ! ಗಿಣಿ ಹಸ್ರು ಸೀರೆ, ಮೊಣಕೈ ಗಂಟ ಬಳೆ, ಹಣೆ ತುಂಬಾ ಕುಂಕ್ಮ. ಕುಯ್ಯೋ ಅಂತಿದ್ದ ಜನರೇಟ್ರು ಕೂಡ ಬಾಯಿ ಮುಚ್ಕಂಡಂಗಾಯ್ತು. ಕಟ್ಟೆ ಮ್ಯಾಲೆ ಬೀಡಿ ಸೇದ್ತಿದ್ದ ನಂಜಯ್ಯ ಬೀಡಿ ಉಲ್ಟಾ ಬಾಯಿಗಿಟ್ಕಂಡು ತುಟಿ ಸುಟ್ಕಂಡ. ಇವ್ಳು ನನ್ ಹೊಟ್ಟೇಲಿ ಇದ್ದೋಳಾ, ಇಷ್ಟು ಬೆಳ್ಕು ಒಳ್ಗಿದ್ರೂ ನಂಗೆ ಗೊತ್ತಾಗ್ಲಿಲ್ವಾ ಅಂತ ಮರಮ್ಮ ಸೌದೆ ಗಟ್ಟಿಯಾಗಿ ಹಿಡ್ಕಂಡ್ಲು.

ಪುಟ್ಟಿ ಮಣೆ ಮ್ಯಾಲೆ ಕುಂತು ಸೆರಗು ಒಡ್ಡಿದ್ಲು. ಆಕ್ಷನ್ ಅಂದ್ರು. ಸುಂದ್ರಮ್ಮ ಕ್ಯಾಮ್ರಾ ಕಡೆ ಮಕ ತಿರುಗ್ಸೋದ್ನೇ ಮರ್ತುಬುಟ್ಲು. ಅರಿಸ್ನ ಕುಂಕ್ಮ ಕೊಟ್ಲು, ಎರಡೂ ಬೊಗಸೇಲಿ ಅಕ್ಕಿ ಎತ್ತಿ, ಕಣ್ಮುಚ್ಚಿ ಏನೋ ಬೇಡ್ಕಂಡು ಸುರಿದ್ಲು. ಆಮೇಲೆ ಬಸವಮ್ಮ, ಮಿಕ್ಕೋರು. ಮಡ್ಲು ಭಾರವಾಗ್ತಾ ಬಂತು. ಪುಟ್ಟಿ ಕಣ್ಣಲ್ಲಿ ನೀರು. ಸಿನ್ಮಾದಲ್ಲಿ ಅವ್ಳು ಅಳೋದನ್ನೆಲ್ಲಾ ಮರಮ್ಮ ನೋಡವ್ಳೆ, ಮುತ್ತು ಉದುರ್ದಂಗೆ ಚೆಂದಾಗಿ ಅಳ್ತಾಳೆ. ಇದು ಅಂಗಲ್ಲ. ಮೂಗು ಕೆಂಪಗಾಗಿ, ತುಟಿ ಸೊಟ್ಟಗಾಗಿ, ಚಿಕ್ಕೋಳಿದ್ದಾಗ ಬ್ಯಾರನ್ ಬಾಗ್ಲಿಗೆ ಕೈ ಸುಟ್ಕಂಡು ಅಳ್ತಿದ್ಲಲ್ಲ, ಅಂಗೆ.

"ಈಗ ಎದ್ದು ಕಾರ್ ಕಡೆ ನಡೀರಿ ಮೇಡಂ," ಅಂದ ವಸಂತ್. ಪುಟ್ಟಿ ಎದ್ಲು. ಒಂದು ಹೆಜ್ಜೆ ಇಕ್ಕಿದ್ಲೋ ಇಲ್ವೋ, ಸುಂದ್ರಮ್ಮ ರಟ್ಟೆ ಹಿಡ್ಕಂಡ್ಲು.

"ಎತ್ಲಾಗೆ ಹೊಂಟೆ? ತವರಿಗೆ ಹಿಡಿ ಅಕ್ಕಿ ಹಾಕ್ದೆ ಹೋಯ್ತಾರೇನೇ?"

ರೂಢಿ ಕಣವ್ವ. ಮಡ್ಲು ತುಂಬಿಸ್ಕಂಡ ಹೆಣ್ಮಗ್ಳು ಅದರಲ್ಲೇ ಒಂದು ಹಿಡಿ ತವರಿಗೆ ವಾಪಸ್ ಹಾಕ್ಬೇಕು, ಆ ಮನೆ ಬರಿದಾಗ್ಬಾರ್ದು ಅಂತ. ಸುಂದ್ರಮ್ಮ ಜೀವಮಾನವೆಲ್ಲಾ ಇಂಗೇ ಹೆಣ್ಮಕ್ಳ ರಟ್ಟೆ ಹಿಡ್ದು ನಿಲ್ಸಿದೋಳು. ಸಿನ್ಮಾ ಅನ್ನೋದೇ ತಲೇಲಿರ್ಲಿಲ್ಲ.

ವಸಂತನ್ಗೆ ಇದು ಬಲೇ ಇಷ್ಟವಾಯ್ತು. ಕ್ಯಾಮ್ರಾ ನಿಲ್ಸಬ್ಯಾಡಿ ಅಂತ ಕೈ ಸನ್ನೆ ಮಾಡ್ದ. ಸಿನ್ಮಾದ ಅವ್ವ ಅಂತ ಮೈಸೂರಿಂದ ಒಬ್ಬಾಕೆನ ಕರ್ಕಂಡ್ ಬಂದಿದ್ರು, ಆಕೆ ಬುದ್ವಂತೆ, ಚಪ್ಪರದ ಬಾಗ್ಲಲ್ಲೇ ಸೆರಗು ಒಡ್ಕಂಡು ಮುಂದಕ್ಕೆ ಬಂದ್ಲು. ಪುಟ್ಟಿ ಆಕೆ ಪಕ್ಕದಲ್ಲೇ ದಾಟಿ ಹೋದ್ಲು. ಮಡ್ಲು ಎರಡೂ ಕೈಲಿ ತಬ್ಕಂಡು, ಲೈಟಿನ ಕಂಬಿ, ವೈರು ಎಲ್ಲಾ ದಾಟಿ ಬ್ಯಾರನ್ ಮಗ್ಗುಲಿಗೆ ಬಂದು ಸೌದೆ ರಾಸಿ ಮುಂದೆ ನಿಂತ್ಲು. ಅವ್ಳ ಹಿಂದೆ ಕ್ಯಾಮ್ರಾ, ಕ್ಯಾಮ್ರಾ ಹಿಂದೆ ಊರು.

"ಒಡ್ಡವ್ವ," ಅಂದ್ಲು.

ಮರಮ್ಮ ಕೈ ಹಿಂದಕ್ಕೆ ಕಟ್ಕಂಡು ಗೋಡೆಗೆ ಅಂಟ್ಕಂಡ್ಲು. "ಬ್ಯಾಡ ಮಗಾ. ನಾನು ಒಡ್ಬಾರ್ದು. ಎಲ್ರೂ ನೋಡ್ತಾವ್ರೆ, ಅತ್ಲಾಗೋಗು." ಬಾಯಿ ಅಂಗಂತಿತ್ತು, ಕಣ್ಣು ಮಾತ್ರ ಸುಂದ್ರಮ್ಮನ ಮಕದ ಮ್ಯಾಲಿತ್ತು.

ಸುಂದ್ರಮ್ಮಂಗೆ ಆಗ ಗೊತ್ತಾಯ್ತು ತಾನು ಏನು ಮಾಡಿವ್ನಿ ಅಂತ. ಪೌಡ್ರು ಬೆವರಲ್ಲಿ ಇಳ್ದು ಕತ್ತಿಗೆ ಬಂದಿತ್ತು. ಬಸವಮ್ಮ ಕಿವೀಲಿ ಪಿಸುಗುಟ್ಟಿದ್ಲು. "ಅಕ್ಕ, ಅವ್ಳ ತಾಳಿ ಸಿನ್ಮಾ ತಾಳಿ ಕಣಕ್ಕ."

"ತಾಳಿ ಯಾರದ್ದಾದ್ರೂ ಆಗ್ಲಿ," ಅಂದ್ಲು ಸುಂದ್ರಮ್ಮ, ಊರಿಗೂರೇ ಕೇಳಂಗೆ. "ಅಕ್ಕಿ ನಮ್ಮನೇದು! ದ್ಯಾವ್ರ ಕೋಣೆಯಿಂದ ತಂದಿದ್ದು, ಬೇಡ್ಕಂಡು ಸುರಿದಿದ್ದು. ತುಂಬ್ಬುಟ್ಟಿವ್ನಿ. ಈಗ ಹಿಡಿ ಅಕ್ಕಿ ಬೀಳ್ದೆ ಹೋದ್ರೆ ನನ್ ಕೈಗೆ ಕೆಟ್ಟೆಸ್ರು. ಏನ್ ಗೂಬೆ ಅಂಗೆ ನೋಡ್ತೀಯೇ ಮರಮ್ಮ? ಒಡ್ಡು ಸೆರಗ!"

ಮರಮ್ಮನ ಕೈ ಬಂತು. ಸೊಪ್ಪು ಕಟ್ಟಿ ಕಟ್ಟಿ ಕಪ್ಪಾದ ಬೆರಳು. ಬಿಳೀ ಸೆರಗು ಒಡ್ಡಿದ್ಲು. ಪುಟ್ಟಿ ಒಂದು ಹಿಡಿ ಹಾಕಿದ್ಲು, ಇನ್ನೊಂದು ಹಾಕಿದ್ಲು, ಮತ್ತೊಂದು ಹಾಕಿದ್ಲು. ಅಕ್ಕಿ ಬೀಳೋ ಸದ್ದು ಎಷ್ಟಿರ್ತದೆ? ಇರುವೆ ನಡ್ದಷ್ಟು. ಅವತ್ತು ಹುಣಸೂರಿಗೂ ಕೇಳಿಸ್ತು ಅಂದ್ರೆ ನಂಬ್ತೀಯಾ? ನಂಬು. ಊರೆಲ್ಲಾ ಕಣ್ಣೊರ್ಸ್ಕಂಡಿತು. ಸುಂದ್ರಮ್ಮ ರೇಸ್ಮೆ ಸೆರಗಲ್ಲೇ ಮೂಗು ಸೀಟ್ಕಂಡ್ಲು.

ಆಗ ವಸಂತ್ ಓಡ್ಕಂಡು ಬಂದ. ಪಾಪ, ಅವ್ನ ಕಣ್ಣೂ ಒದ್ದೆ.

"ಮೇಡಂ, ಮೇಡಂ! ನನ್ನ ಜೀವಮಾನದಲ್ಲಿ ಇಂಥ ಶಾಟ್ ನೋಡಿಲ್ಲ. ಆದ್ರೆ ಕೊನೇಲಿ ಜನ ಅಡ್ಡ ಬಂದ್ರು, ಸೆರಗಿಗೆ ಅಕ್ಕಿ ಬೀಳೋದು ಸಿಕ್ಕಿಲ್ಲ. ಆ ಅಕ್ಕೀನ ಮೊರಕ್ಕೆ ವಾಪಸ್ ಹಾಕ್ಬಿಡಿ, ಇನ್ನೊಂದೇ ಒಂದ್ಸಲ ಮೊದಲಿಂದ ಮಾಡೋಣ."

ಸುಂದ್ರಮ್ಮ ಸೊಂಟದ ಮ್ಯಾಲೆ ಕೈ ಇಟ್ಕಂಡ್ಲು. ಮರಮ್ಮ ಸೆರಗ ಗಂಟು ಕಟ್ಟಿ ಎದೆಗೆ ಅವಚ್ಕಂಡ್ಲು. ಅಷ್ಟು ಜನವೂ ಅಲಕನಂದಳ ಬಾಯೇ ನೋಡ್ತಾವ್ರೆ. ಅವ್ಳು ಮೊಣಕೈಲಿ ಮೂಗೊರ್ಸ್ಕಂಡು, ಅವ್ವನ ಗಂಟು ನೋಡಿ, ಡೈರೆಕ್ಟ್ರು ಕಡೆ ತಿರುಗಿ ಒಂದು ಮಾತಂದ್ಲು. ಒಂದೇ ಮಾತು.

ಏನಂದ್ಲು? ನಾನ್ಯಾಕೆ ಯೋಳ್ಲಿ? ಇಷ್ಟೊತ್ತು ಬಾಯಿ ಬುಟ್ಕಂಡು ಕೇಳಿದ್ಯಲ್ಲ, ಈಗ ನೀನ್ ಯೋಳು ನೋಡವ.