ಫಕೀರಪ್ಪನ ಕೆಂಪು ಸ್ವೆಟರ್

ನಾನು ಒಂದು ಸ್ವೆಟರ್. ಬಣ್ಣ ಕೆಂಪು. ಸಾಧಾರಣ ಕೆಂಪಲ್ಲ, ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿದಾಗ ಕಣ್ಣಿಗೆ ಹೊಡೆಯುತ್ತದಲ್ಲ, ಅಂಥದು. ಮುಂಡಗೋಡದ ಟಿಬೆಟನ್ ಕಾಲನಿಯ ಡೋಲ್ಮಾ ಅಜ್ಜಿ ನನ್ನನ್ನು ಹೆಣೆದಳು. ಚಳಿಗಾಲಕ್ಕೆ ಬೆಳಗಾವಿಗೆ ತಂದು ರಸ್ತೆಬದಿಯ ಅಂಗಡಿಯಲ್ಲಿ ತೂಗುಹಾಕಿದಳು. ಬಂದವರೆಲ್ಲ ನನ್ನನ್ನು ಮುಟ್ಟಿ, ನಕ್ಕು, ಪಕ್ಕದ ಕಂದು ಸ್ವೆಟರನ್ನೇ ಒಯ್ದರು.

ಕೊನೆಗೆ ಕೊಂಡವನು ಹಿಟ್ಟಿನ ಗಿರಣಿಯ ಫಕೀರಪ್ಪ. ಅರವತ್ತು ದಾಟಿದ, ಬೂದಿಬಣ್ಣದ ಅಂಗಿ ಬಿಟ್ಟು ಬೇರೆ ತೊಡದ ಮನುಷ್ಯ. "ಇದಕ್ಕಿಂತ ಕೆಂಪಂದು ಐತೇನು?" ಎಂದು ಕೇಳಿದಾಗ ಡೋಲ್ಮಾಳೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ನನಗೂ ಅನುಮಾನ ಶುರುವಾಯಿತು. ಅವನು ನನ್ನನ್ನು ಮನೆಗೆ ಒಯ್ಯಲಿಲ್ಲ. ಗಿರಣಿಯಲ್ಲಿ ಚೀಲಗಳ ಹಿಂದೆ ಅಡಗಿಸಿಟ್ಟ. ಬೆಳಗಾಗುತ್ತಲೇ ಬಂದು ತೊಟ್ಟು, ಯಾರದೋ ಮನೆಯ ಕಿಟಕಿಯೆದುರು ನಿಂತು, ಮರಳಿ ಬಂದು ಮತ್ತೆ ಬಚ್ಚಿಡುತ್ತಿದ್ದ. ಬಚ್ಚಿಟ್ಟದ್ದು ಕದ್ದದ್ದಿರಬೇಕು, ಇಲ್ಲವೇ ನಾಚಿಕೆಯದ್ದಿರಬೇಕು ಎಂದುಕೊಂಡೆ.

ಆ ವರ್ಷ ಚಳಿಗಾಲ ಬಲು ಮಂಕು. ಮೋಡ, ಮಂಜು; ಸೂರ್ಯ ಮುಖ ತೋರಿಸಲೇ ಇಲ್ಲ. ಅಂಥದ್ದರಲ್ಲಿ ಹೆಂಡತಿ ಕಸ್ತೂರೆವ್ವನಿಗೆ ಅವನ ಅಂಗಿಯ ಮೇಲೆ ನನ್ನದೊಂದು ಎಳೆ ಸಿಕ್ಕಿತು.

"ಇದೇನ್ರಿ?"

"ಚೀಲದ ದಾರ ಇರಬೇಕು."

"ಚೀಲದ ದಾರ ಇಷ್ಟ ಮೆತ್ತಗ ಇರತೈತೇನು?"

ಅವನು ಮನೆಯಲ್ಲಿ ಉಂಡು ಅಡ್ಡಾದ ಹೊತ್ತು ನೋಡಿ ಅವಳು ಗಿರಣಿಗೆ ಬಂದಳು. ಚೀಲ ಸರಿಸಿ ನನ್ನನ್ನು ಎಳೆದಳು, ಮೂಗಿಗೆ ಹಿಡಿದು ಅತ್ತರು ಹುಡುಕಿದಳು. ಸಿಕ್ಕಿದ್ದು ಜೋಳದ ಹಿಟ್ಟಿನ ವಾಸನೆ. ಅಷ್ಟಕ್ಕೆ ಅವಳ ಅನುಮಾನ ಹೋಗಲಿಲ್ಲ. ಇದ್ದ ಹಾಗೇ ಮಡಚಿಟ್ಟು ಹೋದಳು.

ಮರುದಿನ ಮಂಜಿನಲ್ಲಿ ನಮ್ಮ ಬೆನ್ನು ಹತ್ತಿದಳು. ಕಷ್ಟವೇನಿರಲಿಲ್ಲ, ಇಡೀ ಓಣಿಯಲ್ಲಿ ಕಾಣುತ್ತಿದ್ದವನು ನಾನೊಬ್ಬನೇ. ಫಕೀರಪ್ಪ ಎಂದಿನ ಮನೆಯ ಎದುರು ನಿಂತು ಕೈ ಎತ್ತಿದ. ಕಿಟಕಿಯ ಪರದೆ ಸರಿಯಿತು. ಮಂಜಿನಲ್ಲಿ ಕಸ್ತೂರೆವ್ವನಿಗೆ ಯಾರ ಮನೆಯೆಂದು ಗುರುತು ಹತ್ತಲಿಲ್ಲ; ಕಂಡದ್ದು ಪರದೆ ಸರಿಸಿದ ಹಸಿರು ಬಳೆಯ ಕೈ ಮಾತ್ರ.

"ಸಿಕ್ಕಿಬಿದ್ರಿ!" ಕಸ್ತೂರೆವ್ವ ಹಿಂದಿನಿಂದ ನನ್ನ ತೋಳು ಹಿಡಿದು ಜಗ್ಗಿದಳು.

ಫಕೀರಪ್ಪ ತಿರುಗಲಿಲ್ಲ. ಕೈ ಎತ್ತಿ ಹಿಡಿದೇ ನಿಂತ. ಕಿಟಕಿಯೊಳಗೆ, ಮಂಚದ ಮೇಲೆ, ಬಾಯಿ ಸೊಟ್ಟಗಾದ ಒಬ್ಬ ಮುದುಕ. ಅವನ ಎಡಗೈ ಮೆಲ್ಲಗೆ ಮೇಲೆದ್ದಿತು.

ಅವನು ಫಕೀರಪ್ಪನ ಅಣ್ಣ ಬಸಲಿಂಗಪ್ಪ. ಫಕೀರಪ್ಪನ ಮಗಳ ಮದುವೆಯಲ್ಲಿ ಉಣ್ಣದೆ ಎದ್ದು ಹೋದವನು. ಅಂದಿನಿಂದ ಎರಡು ಮನೆಗೂ ಮಾತಿರಲಿಲ್ಲ.

ಪರದೆ ಸರಿಸಿದ್ದವಳು ಅವನ ಹೆಂಡತಿ ಗಿರಿಜವ್ವ. ಬಾಗಿಲಿಗೆ ಬಂದು ಹೇಳಿದಳು: "ಲಕ್ವಾ ಹೊಡದ ಮ್ಯಾಲ ಗ್ವಾಡಿಗೆ ಮಾರಿ ಮಾಡಿ ಮಲಗಿದ್ರವ್ವಾ. ಕಂಡದ್ದೆಲ್ಲಾ ಬೂದಿ ಬಣ್ಣ, ಎಲ್ಲಾ ಬೂದಿ ಅಂತಿದ್ರು. ಗಂಜಿನೂ ಬ್ಯಾಡಂದ್ರು. ಗಿರಣಿಗೆ ಬಂದಾಗ ನಿಮ್ಮ ಯಜಮಾನ್ರ ಮುಂದ ಅತ್ತಬಿಟ್ಟೆ. ಈಗ ಬೆಳಗಾದ್ರ 'ಕೆಂಪ ಬಂತೇನು' ಅಂತ ಕಿಟಕಿ ಕಡೆ ಹೊಳ್ಳತಾರ. ನೋಡಿದ ಮ್ಯಾಲ ನಾಕ ತುತ್ತು ನುಂಗತಾರ."

ಕಸ್ತೂರೆವ್ವನ ಹಿಡಿತ ಸಡಿಲವಾಯಿತು. ಆದರೂ ಕೇಳಿದಳು, "ಹಂಗಾರ ಒಳಗ್ಯಾಕ ಹೋಗಿಲ್ಲ? ಚಳಿಯಾಗ ಇಲ್ಲಿ ಯಾಕ ನಿಲ್ತೀರಿ?"

"ಈ ಮನಿ ಹೊಸ್ತಿಲಾ ದಾಟಿದ್ರ ನನ್ನ ಆಣಿ ಅಂದಿದ್ದಿ. ದಾಟಿಲ್ಲ."

ಕಸ್ತೂರೆವ್ವ ನನ್ನ ತೋಳು ಬಿಟ್ಟಳು. ಆಮೇಲೆ ಸೆರಗು ಹೊದ್ದು ತಾನೇ ಹೊಸ್ತಿಲು ದಾಟಿದಳು. ಒಳಗಿನಿಂದ ಕೂಗಿದಳು: "ಆಣಿ ತಗದೀನಿ. ಬರ್ರಿ."

ಅಂದು ಫಕೀರಪ್ಪ ನನ್ನನ್ನು ಬಿಚ್ಚಿ ಅಣ್ಣನ ಮೈಗೆ ತೊಡಿಸಿದ. ದಿನ ಕಳೆದಂತೆ ಬಸಲಿಂಗಪ್ಪ, ಬಲಗೈಗೆ ಜೀವ ಬರದಿದ್ದರೂ, ಎದ್ದು ಕೂತ, ಗೋಡೆ ಹಿಡಿದು ಕಟ್ಟೆಯವರೆಗೆ ನಡೆದ. ಇನ್ನೂ ಕೆಲವು ಚಳಿಗಾಲ ಕಂಡು ತೀರಿಕೊಂಡ.

ಈಗ ನನ್ನ ಮೊಣಕೈ ಹರಿದಿದೆ, ಅಂಚಿನಲ್ಲಿ ಬಿಟ್ಟರೆ ಬಣ್ಣ ಮಾಸಿದೆ. ಮತ್ತೆ ಗಿರಣಿಗೆ ಬಂದು, ಫಕೀರಪ್ಪನ ಕಬ್ಬಿಣದ ಸ್ಟೂಲಿನ ಮೇಲೆ ಮೆತ್ತೆಯಾಗಿ ಬಿದ್ದಿದ್ದೇನೆ. ಜಗತ್ತನ್ನು ಬೆಚ್ಚಗಿಡುವುದು ಉಣ್ಣೆ ಎಂದು ನಂಬಿದ್ದೆ. ಬಸಲಿಂಗಪ್ಪನಿಗೆ ಬೇಕಾಗಿದ್ದದ್ದು ಬರೀ ಬಣ್ಣ. ಮೊನ್ನೆ ಬೀಸಲು ಬಂದ ಹೆಂಗಸೊಬ್ಬಳು ನನ್ನ ಅಂಚು ಹಿಡಿದು ಕೇಳಿದಳು, "ಇಷ್ಟ ಕೆಂಪ ಯಾರದ್ರಿ ಯಜಮಾನ್ರ?"

ಗಿರಣಿ ಜೋರಾಗಿ ತಿರುಗುತ್ತಿತ್ತು. ಫಕೀರಪ್ಪ ಅದನ್ನು ನಿಲ್ಲಿಸಿ ಹೇಳಿದ:

"ನಮ್ಮಣ್ಣಂದು."