ನಡುಗಂಬದ ಬೆಳಕು

ಕುರುಗೋಡಿನ ಎರ್ರೆಪ್ಪನವರ ಮಣ್ಣಿನ ಮಾಳಿಗೆಯ ಮನೆಯನ್ನು ಹೊಸದು ಕಟ್ಟಲೆಂದು ಅಂದು ಹನ್ನೆರಡಕ್ಕೆ ಕೆಡವುವವರಿದ್ದರು. ಜೆಸಿಬಿ ಆಗಲೇ ಬಾಗಿಲ ಮುಂದೆ ನಿಂತಿತ್ತು. ಒಳಗೆ ನನ್ನ ತಂಗಿಯ ಮಗಳು ಅರುಣಾ ಆ ಪಡಸಾಲೆಯ ತೈಲಚಿತ್ರ ಮುಗಿಸುತ್ತಿದ್ದಳು. ನಾಲ್ಕು ದಿನಗಳಿಂದ ನಾವಿಬ್ಬರೂ ಬಳ್ಳಾರಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆವು.

ಉಳಿದದ್ದು ನಡುಗಂಬದ ಮೇಲಿನ ಬೆಳಕು. ಮಾಳಿಗೆಯ ಚಾವಣಿಯಲ್ಲಿನ ಬೆಳಕಿಂಡಿಯಿಂದ ಇಳಿದ ಬಿಸಿಲು ಹನ್ನೊಂದೂ ಹತ್ತಕ್ಕೆ ಕಂಬ ಮುಟ್ಟಿ, ಕಾಲು ಗಂಟೆಯಲ್ಲಿ ಜಾರಿಬಿಡುತ್ತಿತ್ತು. ಮರದ ಸೀಳು, ಉಳಿಯ ಗುರುತು, ಎಷ್ಟೋ ಜನ ಬೆನ್ನು ಆನಿಸಿ ನುಣುಪಾಗಿಸಿದ ಜಾಗ ಆಗಷ್ಟೇ ಎದ್ದು ಕಾಣುತ್ತಿದ್ದವು. ಫೋಟೊದಲ್ಲಿ ಅಲ್ಲಿ ಬರೀ ಬಿಳಿ ಕಲೆ. ಆ ಬೆಳಕಿಲ್ಲದೆ ಚಿತ್ರ ಸತ್ತಂತೆ ಎಂದಿದ್ದಳು ಅರುಣಾ.

ಬಿಸಿಲು ಕಂಬಕ್ಕೆ ಬಂತು. ಅವಳು ಬಣ್ಣ ಎತ್ತಿಕೊಂಡಳು. ದೂರದಲ್ಲಿ ಗುಡುಗಿತು.

"ಮಳೆ ಬಂತೇನೋ," ಎಂದೆ ನಾನು. ಸುಮ್ಮನಿರಬೇಕಿತ್ತು.

ದಿನವೂ ನಮಗೆ ಮಜ್ಜಿಗೆ ತಂದುಕೊಡುತ್ತಿದ್ದ ಪಕ್ಕದ ಮನೆಯ ದುರುಗಮ್ಮ ಅಂಗಳದಲ್ಲಿದ್ದಳು. ಗುಡುಗಿದರೆ ಏಣಿ ಹತ್ತಿ ಬೆಳಕಿಂಡಿಗೆ ಕಲ್ಲು ಮುಚ್ಚುವುದು ಅವಳಿಗೆ ನಲವತ್ತು ವರ್ಷಗಳ ರೂಢಿ. ಮೇಲೆ ಕಲ್ಲು ಎಳೆದ ಸದ್ದಾಯಿತು. ಪಡಸಾಲೆ ಕತ್ತಲಾಯಿತು.

"ಯಾರದು? ತೆಗೀರಿ!" ಅರುಣಾ ಕೂಗಿದಳು.

"ಮಳಿ ಬಂದ್ರ ನಿನ್ನ ಚಿತ್ರ ತೊಯ್ತೈತಿ ತಾಯಿ!"

ದುರುಗಮ್ಮ ತೆಗೆಯಲು ಹೋದರೆ ಕಲ್ಲು ಅಲುಗಲಿಲ್ಲ. ಜೆಸಿಬಿ ಓಡಿಸುವ ಸಿರುಗುಪ್ಪದ ಹುಲುಗೇಶ ಏಣಿ ಹತ್ತಿದ. ಕಲ್ಲು ಸರಿಯುವಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ಕಂಬ ಬಿಟ್ಟು ನೆಲದ ಮೇಲಿತ್ತು.

ದುರುಗಮ್ಮ ಕೆಳಗಿಳಿದಳು. ಕಲ್ಲು ತರಚಿದ ಅವಳ ಬೆರಳಿಗೆ ಅರುಣಾ ಬಟ್ಟೆ ಸುತ್ತಿದಳು.

"ಇನ್ನೊಂದು ದಿನ ಕೊಡ್ರಿ ಅಣ್ಣಾರ," ಎಂದು ಅರುಣಾ ಬಾಗಿಲಲ್ಲಿ ನಿಂತಿದ್ದ ಎರ್ರೆಪ್ಪನವರನ್ನು ಕೇಳಿದಳು.

"ಆಗಂಗಿಲ್ಲ ತಂಗಿ. ನಾಳೆ ಮುಂಜಾನಿ ಗುದ್ದಲಿ ಪೂಜಿ ಐತಿ," ಎಂದರು ಎರ್ರೆಪ್ಪ.

ಹುಲುಗೇಶ ಕೈ ಝಾಡಿಸಿಕೊಂಡ. "ಪೂಜಿ ಪಡಸಾಲ್ಯಾಗ ಮಾಡ್ತೀರೇನ್ರಿ ಮಾವಾ? ಈಶಾನ್ಯ ಮೂಲಿ ಹಿತ್ತಲದಾಗ ಐತಿ. ಇವತ್ತು ಅಲ್ಲಿಂದ ಕೆಡವ್ತೀನಿ. ಇದಕ್ಕ ನಾಳೆ ಮಧ್ಯಾಹ್ನ ಕೈ ಹಚ್ಚಿದ್ರ ನಿಮ್ಮ ದೇವರೇನು ಸಿಟ್ಟಾಗಲ್ಲ."

"ಅದುರಿ ಈ ಮಾಳಿಗಿ ಕುಸಿದ್ರ?"

"ನಿಮ್ಮ ಮೀಸಿ ತೀಡೋ ಕೈಗಿಂತ ನನ್ನ ಕೈ ನಾಜೂಕು ಐತಿ ಬಿಡ್ರಿ."

ಎರ್ರೆಪ್ಪ ನಗಲಿಲ್ಲ. ಚಿತ್ರದ ಹತ್ತಿರ ಹೋಗಿ, ಅರ್ಧ ಬಿಡಿಸಿದ ಕಂಬದ ನುಣುಪು ಜಾಗವನ್ನು ದಿಟ್ಟಿಸಿದರು. ಬೆರಳು ಮುಂದೆ ಹೋಗಿ ಹಸಿ ಬಣ್ಣದ ಹತ್ತಿರ ನಿಂತಿತು.

"ನಮ್ಮಪ್ಪ ಇಲ್ಲೇ ಕುಂದ್ರತಿದ್ದ," ಎಂದರು. "ಹಿಂದಿನಿಂದ ಸುರು ಮಾಡಪ."

ಸಂಜೆಯವರೆಗೂ ಗೋಡೆಗಳು ಅದುರಿದವು. ಅರುಣಾ ಚಿತ್ರವನ್ನು ಹೊರಗೆ ತಂದು, ಬಣ್ಣಕ್ಕೆ ತಾಗದಂತೆ ಧೂಳಿಗೆ ಸೀರೆ ಅಡ್ಡ ಹಿಡಿದು ಕೂತಳು. ಮಾಳಿಗೆ ಉಳಿಯಿತು.

ಮರುದಿನ ಹನ್ನೊಂದು ದಾಟಿದರೂ ಮೋಡ. ಒಳಗೆ ನಾವಿಬ್ಬರೇ ಬೆಳಕಿಂಡಿ ನೋಡುತ್ತ ನಿಂತಿದ್ದೆವು. ಹನ್ನೊಂದೂ ಹದಿನಾರಕ್ಕೆ ಬಿಸಿಲು ಇಳಿಯಿತು. ಹಿಂದಿನ ಕೋಣೆಗಳು ಬಿದ್ದ ಧೂಳು ಇನ್ನೂ ಒಳಗೆ ತೇಲುತ್ತಿತ್ತು. ಬೆಳಕು ಈ ಬಾರಿ ಕಂಬದ ಮೇಲಷ್ಟೇ ಬೀಳಲಿಲ್ಲ, ತಾನೇ ಒಂದು ಕಂಬದಂತೆ ಓರೆಯಾಗಿ ನಿಂತಿತು.

ಅರುಣಾ ಒಂದು ಕ್ಷಣ ನೋಡಿದಳು. ಕುಂಚ ಬಿಟ್ಟು ಬಣ್ಣ ಹಚ್ಚುವ ಚೂರಿ ತೆಗೆದುಕೊಂಡು, ಮೊದಲು ಬೆಳಕಿನೊಳಗಿನ ಧೂಳನ್ನು ಚಿತ್ರದಲ್ಲಿ ಬಿಡಿಸತೊಡಗಿದಳು.