ಪಾಳಿ ಒಪ್ಪಿಸುವ ಹೊತ್ತು

ಆ ಮನೆಯಲ್ಲಿ ಅತ್ತೆ ಯಾರಿಗೂ ನೇರವಾಗಿ ಏನನ್ನೂ ಹೇಳಿದವಳಲ್ಲ. ಹೇಳುವುದಿದ್ದರೆ ಗೋಡೆಗೆ ಹೇಳುತ್ತಿದ್ದಳು, ಇಲ್ಲವೇ ತನ್ನ ಹೊಲಿಗೆ ಯಂತ್ರಕ್ಕೆ. "ಈ ಮನೇಲಿ ಕೆಲವರು ಬಚ್ಚಲ ದೀಪ ಆರಿಸೋದೇ ಇಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತ ಅಂದರೆ ಆ ಕೆಲವರು ಸೊಸೆ. "ಕೆಲವರಿಗೆ ಒಂದು ಲೋಟ ಟೀ ಬೇಕಾಗಿರತ್ತೆ, ಕೇಳೋರು ಯಾರು" ಅಂದರೆ ಆ ಕೆಲವರು ಸಾಕ್ಷಾತ್ ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಈ ಲೆಕ್ಕ ಹತ್ತದೆ, ದೀಪ ಆರಿಸಬೇಕಾದಾಗ ಟೀ ಮಾಡಿ ತಂದದ್ದೂ ಉಂಟು.

ಹೀಗಿರುವಾಗ ಒಂದು ದಿನ ಅತ್ತೆ ಒಂದು ಅರ್ಜಿಯ ಹಾಳೆ ತಂದು ಸೊಸೆಯ ಮುಂದೆ ಹಿಡಿದು, "ನೀನು ನರ್ಸಿಂಗ್‌ಗೆ ಅರ್ಜಿ ಹಾಕು" ಎಂದಳು. ನೀನು ಎಂದದ್ದು ಕೇಳಿ ಸೊಸೆ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ನಾನಾ? ಯಾಕತ್ತೆ?"

"ಯಾಕೆ ಅಂದ್ರೆ ಏನು ಹೇಳ್ಲಿ? ಹಾಕು ಅಂದ್ರೆ ಹಾಕು."

ಸೊಸೆ ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳ ಎದುರು ಪುಟ್ಟ ಸ್ಟೂಲಿನ ಮೇಲೆ ಕುಳಿತು ಕಾಲಿಗೆ ಅಳತೆ ಹಿಡಿಯುವುದು, ಪೆಟ್ಟಿಗೆ ಇಳಿಸುವುದು, ಪೆಟ್ಟಿಗೆ ಏರಿಸುವುದು. ಓದು ಬಿಟ್ಟು ಹತ್ತು ವರ್ಷವಾಗಿತ್ತು. ಅವಳು ಲಾರಿ ಓಡಿಸುವ ಗಂಡನಿಗೆ ಫೋನು ಮಾಡಿ ಕೇಳಿದರೆ ಅವನು, "ಅಮ್ಮ ಹೇಳಿದ್ಲಾ? ಹಾಗಾದ್ರೆ ಹಾಕು. ಆಮೇಲೆ ನಿನ್ನಿಷ್ಟ" ಎಂದು ಎರಡೂ ಕಡೆ ಕೈ ತೊಳೆದುಕೊಂಡ. ಮಾವನನ್ನು ಕೇಳಿದರೆ ಮಾವ "ಸರಿ" ಎಂದ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ ಅವನ ಬಾಯಲ್ಲಿ ಉಳಿದಿದ್ದ ಮಾತು ಅದೊಂದೇ. ಹಸಿವಾದರೂ ಸರಿ, ಬಟ್ಟೆ ಒದ್ದೆಯಾದರೂ ಸರಿ.

ಕೊನೆಗೆ ಬೀದಿ ತಿರುವಿನ ಔಷಧಿ ಅಂಗಡಿಯವನು ಒಗಟು ಬಿಡಿಸಿದ. "ಅಷ್ಟೂ ತಿಳಿಯಲ್ವೇನಮ್ಮ? ಗಂಡನ್ನ ನೋಡ್ಕೊಳ್ಳೋಕೆ ನಿಮ್ಮತ್ತೆಗೆ ಮನೇಲೇ ಒಬ್ಬ ನರ್ಸ್ ಬೇಕು. ಪುಕ್ಕಟೆ." ಅವನು ನಗುತ್ತಲೇ ಹೇಳಿದ. ಆದರೆ ಆ ಮಾತು ಸೊಸೆಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಅರ್ಜಿಯನ್ನು ಸಿಟ್ಟಿನಲ್ಲಿಯೇ ತುಂಬಿದಳು, ಹೇಗೂ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ.

ಸಂದರ್ಶನದಲ್ಲಿ ಮೂವರು ಕೂತಿದ್ದರು. "ಯಾಕೆ ನರ್ಸ್ ಆಗ್ಬೇಕು ಅನ್ಸಿತು?" ಎಂದು ಕೇಳಿದರು. ಸೇವೆ, ತ್ಯಾಗ, ದೀನದುಃಖಿಗಳು ಎಂದೆಲ್ಲ ಉರು ಹೊಡೆದಿದ್ದ ಉತ್ತರ ಆ ಗಳಿಗೆಯಲ್ಲಿ ಕೈಕೊಟ್ಟಿತು. "ನಮ್ಮತ್ತೆ ಹೇಳಿದ್ರು" ಎಂದಳು. ಒಬ್ಬರು ನಕ್ಕರು. ಇನ್ನೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರನೆಯವರು ಚಪ್ಪಲಿ ಅಂಗಡಿಯ ಬಗ್ಗೆ ಏನೇನೋ ಕೇಳಿ, "ಬೇರೆಯವರ ಕಾಲು ಮುಟ್ಟೋಕೆ ನಾಚಿಕೆ ಆಗಲ್ವಾ?" ಎಂದರು. "ಮೊದಮೊದಲು ಅವರಿಗೇ ನಾಚಿಕೆ ಆಗತ್ತೆ ಮೇಡಂ. ಅದಕ್ಕೇ ನಾನು ಮುಖ ನೋಡಲ್ಲ, ಕಾಲು ಮಾತ್ರ ನೋಡ್ತೀನಿ" ಎಂದಳು. ಆಯ್ಕೆಪಟ್ಟಿಯಲ್ಲಿ ಅವಳ ಹೆಸರಿತ್ತು. ಯಾವ ಉತ್ತರಕ್ಕೆ ಸೀಟು ಸಿಕ್ಕಿತು ಎಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಸೇರಿದ ಮೇಲೆ ಶುರುವಾಯಿತು ನೋಡಿ ಪಜೀತಿ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಸಂಜೆ ಮನೆ, ಮನೆಯಲ್ಲಿ ಮಾವ, ಮಾವ ಮಲಗಿದ ಮೇಲೆ ಮೂಳೆಗಳ ಹೆಸರು. ಮೂಳೆ ಮುಗಿಯಿತು ಎನ್ನುವಷ್ಟರಲ್ಲಿ ನರ, ನರಕ್ಕೆ ಕೈ ಹಾಕಿದರೆ ಮೂಳೆ ಮರೆತಿರುತ್ತಿತ್ತು. ಜೊತೆಯ ಹುಡುಗಿಯರಿಗೆಲ್ಲ ಎಳೇ ತಲೆ, ಒಮ್ಮೆ ಓದಿದರೆ ಅಂಟಿಕೊಳ್ಳುತ್ತಿತ್ತು. ಅವರು ಅವಳನ್ನು ಅಕ್ಕಾ ಎನ್ನುತ್ತಿದ್ದರು, ಪರೀಕ್ಷೆಯ ಅಂಕ ಬಂದಾಗ ಪಾಪ ಅಕ್ಕ ಎನ್ನುತ್ತಿದ್ದರು. ಅವಳಿಗೋ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿತ್ತು. ವಾರ್ಡಿನಲ್ಲಿ ಒಬ್ಬ ಮುದುಕಿಯನ್ನು "ಅತ್ತೆ, ಮಗ್ಗುಲಾಗಿ" ಎಂದು ಕರೆದಳು. ಮನೆಗೆ ಬಂದು ಮಾವನನ್ನು "ನಿಮ್ಮ ಕಡೆಯವರು ಯಾರಿದ್ದಾರೆ?" ಎಂದು ಕೇಳಿದಳು. ಮಾವ "ಸರಿ" ಎಂದ. ತರಕಾರಿ ಹೆಚ್ಚುವ ಮೊದಲು ಬೆರಳ ಸಂದು, ಉಗುರ ತುದಿ, ಮಣಿಕಟ್ಟು ಎಂದು ಕೈ ಉಜ್ಜುತ್ತ ನಿಂತರೆ ಅತ್ತೆ ಗೋಡೆಗೆ ಹೇಳಿದಳು, "ಕೆಲವರು ಬದನೇಕಾಯಿಗೆ ಆಪರೇಷನ್ ಮಾಡ್ತಾರೆ."

ವಾರ್ಡಿನ ಹಿರಿಯ ನರ್ಸಿಗೆ ಹುಡುಗಿಯರು ಇಟ್ಟ ಹೆಸರು ಇಸ್ತ್ರಿ ಸಿಸ್ಟರ್. ಬಟ್ಟೆಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ಪಾಳಿ ಒಪ್ಪಿಸುವುದನ್ನು ಆಕೆ ಕಲಿಸಿದಳು. ಹೋಗುವ ನರ್ಸು ಬರುವ ನರ್ಸಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು ಒಪ್ಪಿಸಬೇಕು. ರೋಗಿ ಯಾರು, ಏನಾಗಿದೆ, ಏನು ಮಾಡಿದೆ, ಏನು ಬಾಕಿ, ಯಾವುದರ ಮೇಲೆ ಕಣ್ಣಿಡಬೇಕು. ಕೇಳಿಸಿಕೊಂಡವಳು ಅಷ್ಟನ್ನೂ ತಿರುಗಿ ಹೇಳಿ, ಕೊನೆಗೆ "ವಹಿಸಿಕೊಂಡೆ" ಎನ್ನಬೇಕು. "ಆ ಮಾತು ಕಿವಿಗೆ ಬೀಳೋವರೆಗೂ ಮೊದಲಿನವಳು ಅಲ್ಲಾಡೋ ಹಾಗಿಲ್ಲ. ಸೂರು ಕಳಚಿ ಬೀಳ್ತಿದ್ರೂ ಸರಿ" ಎಂದಳು ಇಸ್ತ್ರಿ ಸಿಸ್ಟರ್.

ಸೊಸೆಗೆ ಇದು ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಮಾವನ ಮಂಚದ ಪಕ್ಕ ನಿಂತು ಅಭ್ಯಾಸ ಮಾಡೋಣವೆಂದು ಅಂಜುತ್ತಲೇ ಅತ್ತೆಯನ್ನು ಕೇಳಿದಳು. ಹಗಲೆಲ್ಲ ಮಾವನ ಬಳಿ ಇರುವವಳು ಅತ್ತೆ, ಸಂಜೆಯಿಂದ ಸೊಸೆ. ಅತ್ತೆ ಮೊದಲು ಮೂಗು ಮುರಿದಳು. ಆಮೇಲೆ ಕೊರಳಿಗೆ ಹಾಕಿಕೊಂಡಿದ್ದ ಅಳತೆಪಟ್ಟಿ ಸರಿಪಡಿಸಿಕೊಂಡು ಶುರು ಮಾಡಿದಳು ನೋಡಿ, ಮೀನಿಗೆ ಈಜು ಕಲಿಸಬೇಕೆ?

"ರೋಗಿ ಗಂಡಸು. ಹಟಮಾರಿ. ಬೆಳಿಗ್ಗೆ ಒಂದು ಬಟ್ಟಲು ಗಂಜಿ, ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಮಾತ್ರೆ ಕೊಟ್ಟಾಗಿದೆ, ನಾಲಿಗೆ ಅಡಿ ಬಚ್ಚಿಟ್ಟಿದ್ದ, ಹುಡುಕಿ ನುಂಗಿಸಿದ್ದೀನಿ. ಬೆನ್ನು ಒರೆಸಿದೆ, ಹುಣ್ಣಿಲ್ಲ. ಕಣ್ಣಿಡಬೇಕಾದ್ದು, ಕಿಟಕಿ ಮುಚ್ಚಿದರೆ ರೋಗಿಗೆ ಸಿಟ್ಟು ಬರತ್ತೆ."

"ಸರಿ" ಎಂದ ಮಾವ.

ಸೊಸೆ ನಗು ತಡೆದುಕೊಂಡು ಎಲ್ಲವನ್ನೂ ತಿರುಗಿ ಹೇಳಿ, ವಹಿಸ್ಕೊಂಡೆ ಎಂದಳು. ಅಂದಿನಿಂದ ಅದೇ ರೂಢಿಯಾಯಿತು. ಎಷ್ಟೋ ವರ್ಷ ಗೋಡೆಯ ಮೂಲಕ ಮಾತಾಡಿದ ಇಬ್ಬರು ಹೆಂಗಸರು ದಿನಕ್ಕೆರಡು ಸಲ ಎದುರುಬದುರು ನಿಂತರು. ಬಟ್ಟೆ ಒಗೆದು ಎತ್ತರದ ತಂತಿಗೆ ಹಾಕುವ ಕೆಲಸವನ್ನು ಅತ್ತೆ ಅದೇ ಹೊತ್ತಿನಲ್ಲಿ ಸೊಸೆಗೆ ದಾಟಿಸಿದಳು. ತೋಳೆತ್ತುವುದಕ್ಕೆ ಸೋಮಾರಿತನ ಎಂದು ಸೊಸೆ ಒಳಗೊಳಗೇ ಗೊಣಗಿಕೊಂಡಳು. ಇರುವುದನ್ನೇ ಹೊರಲಾರೆ, ಇದೊಂದು ಬೇರೆ.

ಅಂಥದರಲ್ಲಿ ಒಂದು ಬೆಳಿಗ್ಗೆ ವಾರ್ಡಿನಲ್ಲಿ ಅವಳು ಒಂದು ಹಾಸಿಗೆಯವನ ಮಾತ್ರೆಯನ್ನು ಪಕ್ಕದ ಹಾಸಿಗೆಯವನ ಅಂಗೈಗೆ ಹಾಕಲು ಹೋದಳು. ಇಸ್ತ್ರಿ ಸಿಸ್ಟರ್ ಎಲ್ಲಿದ್ದಳೋ, ಬಂದು ಮಣಿಕಟ್ಟು ಹಿಡಿದಳು. ಬೈಯಲಿಲ್ಲ. ಹೊರಗೆ ಕರೆದುಕೊಂಡು ಹೋಗಿ, "ನಾಳೆ ಬರೋದಾದ್ರೆ ತಲೆ ಜೊತೆಗೆ ತಗೊಂಡು ಬಾ. ಆಗಲ್ಲ ಅಂದ್ರೆ ಬರ್ಬೇಡ. ಅದೇನೂ ಪಾಪ ಅಲ್ಲ" ಎಂದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸೊಸೆಗೆ.

ಸಂಜೆ ಚಪ್ಪಲಿ ಅಂಗಡಿಯ ಮುಂದೆ ಅವಳ ಕಾಲು ತಾನಾಗಿ ನಿಂತಿತು. ಮಾಲೀಕ ಗಲ್ಲಾದಿಂದಲೇ, "ನಿನ್ನ ಸ್ಟೂಲು ಇನ್ನೂ ಅಲ್ಲೇ ಇದೆಯಮ್ಮ. ಹೊಸ ಹುಡುಗಿ ಬರೋ ಗಿರಾಕಿಗಳ ಮುಖ ನೋಡ್ತಾಳೆ, ಕಾಲು ನೋಡಲ್ಲ" ಎಂದ. "ಸೋಮವಾರ ಬರ್ತೀನಿ" ಎಂದುಬಿಟ್ಟಳು. ಹೇಳಿದ ಮೇಲೆ ಮೈ ಹಗುರಾಯಿತು. ನಾಲ್ಕು ಹೆಜ್ಜೆ ನಡೆದ ಮೇಲೆ ಅಳು ಬಂತು. ಹಗುರಾದದ್ದಕ್ಕೆ ಅಳುವೋ, ಸೋತದ್ದಕ್ಕೋ ತಿಳಿಯಲಿಲ್ಲ. ಪುಕ್ಕಟೆ ನರ್ಸು ಕೈತಪ್ಪಿದಳೆಂದು ಅತ್ತೆ ಗೋಡೆಗೆ ಏನೇನು ಹೇಳಿಯಾಳು ಎಂದು ನೆನೆದು, ಹೇಳಿಕೊಳ್ಳಲಿ, ಇವತ್ತು ಪಾಳಿ ತೆಗೆದುಕೊಂಡ ಮೇಲೆ ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಮನೆಗೆ ಬಂದರೆ ಅತ್ತೆ ಆಗಲೇ ಮಂಚದ ಪಕ್ಕ ನಿಂತಿದ್ದಳು. ಸೊಸೆ ಚೀಲ ಇಳಿಸಿ ಎದುರು ನಿಂತಳು.

"ರೋಗಿ ಗಂಡಸು. ಇವತ್ತು ಹಟ ಕಡಿಮೆ. ಊಟ ಆಗಿದೆ, ಮಾತ್ರೆ ಆಗಿದೆ. ಬಲಗೈ ಬೆರಳು ಸ್ವಲ್ಪ ಮಡಚಿದ." ಅತ್ತೆ ಉಸಿರು ತೆಗೆದುಕೊಂಡಳು. ಸೊಸೆ ತಿರುಗಿ ಹೇಳಲು ಬಾಯಿ ತೆರೆದಳು. ಅತ್ತೆ ಕೈ ಎತ್ತಿ ತಡೆದಳು. "ಇನ್ನೊಬ್ಬ ರೋಗಿ ಇದ್ದಾಳೆ."

"ಇನ್ನೊಬ್ಬಳಾ?"

"ಹೆಂಗಸು. ಅರವತ್ತು ದಾಟಿದೆ." ಅತ್ತೆ ಗೋಡೆ ನೋಡುತ್ತಿದ್ದಳು. "ಎಡಗಡೆ ಎದೇಲಿ ಗಂಟು. ಮೊದಲು ಶರಟಿನ ಗುಂಡಿಯಷ್ಟಿತ್ತು. ಈಗ ಕೋಟಿನ ಗುಂಡಿಯಷ್ಟಾಗಿದೆ. ನೋವಿಲ್ಲ. ನೋವಿಲ್ಲ ಅಂತಾನೇ ರೋಗಿ ಸುಮ್ಮನಿದ್ದಳು. ಈಚೆಗೆ ಆ ಕಡೆ ತೋಳು ಎತ್ತಿದರೆ ಕಂಕುಳಲ್ಲಿ ಎಳೀತದೆ."

ಸೊಸೆಗೆ ತಲೆ ಬುಡ ತಿಳಿಯಲಿಲ್ಲ. ಬಟ್ಟೆ ಹೊಲಿಸಲು ಬರುವ ಯಾರೋ ಹೆಂಗಸು ಅಳತೆ ಕೊಡುವಾಗ ಹೇಳಿಕೊಂಡಿರಬೇಕು. "ಯಾರತ್ತೆ? ನಿಮ್ಮ ಗಿರಾಕಿನಾ?"

"ಗಿರಾಕಿ ಅಲ್ಲ" ಎಂದು ಅತ್ತೆ ಕೊರಳಿನ ಅಳತೆಪಟ್ಟಿ ತೆಗೆದು ಕೈಗೆ ಸುತ್ತಿಕೊಂಡಳು.

ಬಟ್ಟೆಯ ತಂತಿ ಸೊಸೆಯ ಕಣ್ಣ ಮುಂದೆ ಬಂತು. ಮಂಚದ ಕಂಬಿ ಹಿಡಿದುಕೊಂಡಳು. ವಾರ್ಡಿನಲ್ಲಿ ಕೇಳುವ ಪ್ರಶ್ನೆ ತಾನಾಗಿ ಬಾಯಿಗೆ ಬಂತು. "ಯಾವಾಗಿಂದ?"

"ಆ ಅರ್ಜಿ ತರೋಕೆ ಮೊದಲಿಂದ."

"ಅಷ್ಟು ದಿನದಿಂದ? ಡಾಕ್ಟರ ಹತ್ರ ಹೋಗೋದು ಬಿಟ್ಟು..." ಸೊಸೆ ಮಾವನ ಕಡೆ ನೋಡಿದಳು. "ಮಾವಂಗೋಸ್ಕರ ಅಲ್ವಾ ನನ್ನ ಸೇರಿಸಿದ್ದು?"

"ಆ ಮನುಷ್ಯಂಗೆ ನಾನಿದ್ದೆ." ಅತ್ತೆ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದಳು. "ಊರವರ ಅಳತೆ ಎಲ್ಲ ತಗೊಂಡೋಳಿಗೆ ತನ್ನ ಮೈ ತೋರಿಸೋಕೆ ನಾಚಿಕೆ. ಮನೆಯವಳೇ ಒಬ್ಬಳು ಕಲಿತರೆ ಅವಳಿಗೆ ತೋರಿಸಬಹುದು ಅಂತ ಒಂದು. ಅದು ನನ್ನ ತಗೊಂಡು ಹೋದರೆ ಇವರ್ನ ಯಾರು ನೋಡ್ತಾರೆ ಅಂತ ಒಂದು. ನಿನಗೂ ಆ ಸ್ಟೂಲು ತಪ್ಪಲಿ ಅಂತ ಒಂದು. ಯಾವುದು ಮೊದಲು ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ."

ಸೊಸೆಗೆ ಸಿಟ್ಟು ಬಂತು. ಇಂಥ ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. "ನನಗೋಸ್ಕರ ಕಾಯ್ತಾ ಕೂತ್ರಾ? ನನಗೇನು ಬರತ್ತೆ ಅತ್ತೆ? ಅದು ಮೂರನೇ ವರ್ಷದ ಪಾಠ! ನಾನು ಇನ್ನೂ ಮೂಳೆಗಳ ಹತ್ರ ಇದ್ದೀನಿ!"

"ಗೊತ್ತು. ನಿನ್ನ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಗಂಟಿಗೆ ಅಷ್ಟು ಪುರುಸೊತ್ತಿರೋ ಹಾಗೆ ಕಾಣಲ್ಲ. ಅದಕ್ಕೇ ಇವತ್ತು ಒಪ್ಪಿಸ್ತಿದ್ದೀನಿ."

ಮಾವನ ಎಡಗಣ್ಣಿಂದ ನೀರಿಳಿದು ಕಿವಿಯ ಕಡೆ ಹೋಯಿತು. ಅವನು ಸರಿ ಅನ್ನಲಿಲ್ಲ. ಸೊಸೆ ಅವನ ಕಿವಿ ಒರೆಸಿದಳು. ಸೋಮವಾರ, ಸ್ಟೂಲು, ಮಾತ್ರೆ, ಇಸ್ತ್ರಿ ಸಿಸ್ಟರ್, ಎಲ್ಲ ತಲೆಯಲ್ಲಿ ಗಿರ್ರೆಂದು ಸುತ್ತಿದವು. ಹೇಳಲೆಂದು ಬಂದ ಮಾತು ಬಿಸಿ ತುಪ್ಪದಂತೆ ಬಾಯಲ್ಲೇ ಉಳಿಯಿತು. ತಾನು ಮುಂದೆ ಪಾಸಾಗುತ್ತೇನೋ ಇಲ್ಲವೋ, ಅತ್ತೆ ಉಳಿಯುತ್ತಾಳೋ ಇಲ್ಲವೋ, ಒಂದೂ ತಿಳಿಯದು. ತಿಳಿದದ್ದು ಇಷ್ಟೇ, ಎದುರಿಗಿದ್ದವಳು ಹೊರಡದೆ ನಿಂತಿದ್ದಾಳೆ.

"ಕೇಳಿಸ್ಕೊಂಡೋರು ತಿರುಗಿ ಏನೋ ಹೇಳ್ಬೇಕಿತ್ತು" ಎಂದಳು ಅತ್ತೆ, ಗೋಡೆಗೆ.

ಸೊಸೆ ನೆಟ್ಟಗೆ ನಿಂತಳು. "ರೋಗಿ ಹೆಂಗಸು" ಎಂದು ಶುರು ಮಾಡಿದಳು. ಅದು ಮುಂದೆ ಹೋಗಲಿಲ್ಲ. ಮೂಗು ಒರೆಸಿಕೊಂಡು ಮತ್ತೆ ಶುರು ಮಾಡಿದಳು. "ರೋಗಿ ನಮ್ಮತ್ತೆ. ಎಡಗಡೆ ಎದೇಲಿ ಗಂಟು, ಕೋಟಿನ ಗುಂಡಿಯಷ್ಟು. ನೋವಿಲ್ಲ. ತೋಳೆತ್ತಿದರೆ ಕಂಕುಳಲ್ಲಿ ಎಳೀತದೆ. ಬಾಕಿ ಇರೋದು ಎಲ್ಲಾನೂ. ಬೆಳಿಗ್ಗೆ ನನ್ನ ಜೊತೆಗೇ ಆಸ್ಪತ್ರೆಗೆ ಬರ್ತಾರೆ, ಹೆಣ್ಣು ಡಾಕ್ಟರಿಗೇ ತೋರಿಸ್ತೀನಿ, ನಾನು ಪಕ್ಕದಲ್ಲೇ ಇರ್ತೀನಿ. ಮಾವನ ಹತ್ರ ಔಷಧಿ ಅಂಗಡಿಯವನ ಹೆಂಡತಿ ಕೂರ್ತಾಳೆ, ಈಗಲೇ ಹೋಗಿ ಕೇಳ್ತೀನಿ. ಇವರ ಮಗನಿಗೆ ಇವತ್ತೇ ತಿಳಿಸ್ತೀನಿ." ಅತ್ತೆ ಇನ್ನೂ ಕಾಯುತ್ತಿದ್ದಳು.

"ವಹಿಸ್ಕೊಂಡೆ."

ಬೇರೆ ದಿನವಾದರೆ ಅತ್ತೆ ಆ ಮಾತು ಮುಗಿಯುವ ಮೊದಲೇ ಯಂತ್ರದ ಕಡೆ ಹೋಗುತ್ತಿದ್ದಳು. ಇವತ್ತು ಮಂಚದ ಅಂಚಿಗೆ ಕುಸಿದು ಕೂತಳು. ಅಳತೆಪಟ್ಟಿ ಕೈಜಾರಿ ನೆಲಕ್ಕೆ ಬಿತ್ತು. ಗೋಡೆಯಿಂದ ಕಣ್ಣು ತೆಗೆದು ಸೊಸೆಯ ಮುಖ ನೋಡಿದಳು.

"ನಂಗೆ ತುಂಬಾ ಹೆದರಿಕೆ ಆಗ್ತಿದೆ ಕಣೆ" ಎಂದಳು.

ಈ ಸಲ ಸೊಸೆ ಹಿಂದೆ ತಿರುಗಿ ನೋಡಲಿಲ್ಲ.